ಆಗಸ್ಟ್ ಒಂಬತ್ತರ ನಂತರ

2019ರ ಆಗಸ್ಟ್ ಎಂದರೆ ಅಂಕೋಲೆಯವರಿಗೆ ಇವತ್ತಿಗೂ ಗಂಗಾವಳಿಯ ನೆರೆಯೇ ನೆನಪು. ನಮ್ಮ ಮನೆಯಲ್ಲಿ ಆ ನೆರೆಯ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಂಡಿದೆ. ಅದು ಅವಧಿ ಮುಗಿದ ಒಂದು ವೀಸಾ ಮತ್ತು ಅದರ ಬೆನ್ನಿಗೆ ನಾವು ಓಡಾಡಿದ ದಿನಗಳ ಕಥೆ. ಮಳೆಗಾಲದಲ್ಲಿ ಕರೆಂಟು ಹೋಗಿ ಮನೆಯ ಮಕ್ಕಳೆಲ್ಲ ಒಂದೆಡೆ ಕೂತರೆ ಈ ಕಥೆಯನ್ನು ನನ್ನಿಂದ ಹೇಳಿಸುತ್ತಾರೆ. ಈಗ ನಮ್ಮ ಕಡೆಯ ಮಕ್ಕಳೂ ಎಕ್ಸ್‌ಚೇಂಜ್ ವಿದ್ಯಾರ್ಥಿಗಳಾಗಿ ಹೊರದೇಶಕ್ಕೆ ಹೊರಡುತ್ತಿದ್ದಾರೆ. ಅದಕ್ಕೇ ಬರೆದಿಡುವುದು ಒಳ್ಳೆಯದೆನಿಸಿತು.

ಅವಳು ಜರ್ಮನಿಯ ಹುಡುಗಿ. ಅಲ್ಲಿನ ವಿಶ್ವವಿದ್ಯಾಲಯಕ್ಕೂ ನಮ್ಮ ರಾಜ್ಯದ ಒಳನಾಡಿನ ಒಂದು ವಿಶ್ವವಿದ್ಯಾಲಯಕ್ಕೂ ವಿದ್ಯಾರ್ಥಿ ವಿನಿಮಯದ ಒಪ್ಪಂದವಿತ್ತು. ಆ ಮೂಲಕ ಒಂದು ವರ್ಷದ ಮಟ್ಟಿಗೆ ಬಂದಿದ್ದಳು. ಜಾನಪದ ಅವಳ ಓದಿನ ವಿಷಯ. ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದ ಮೇಲೆ ಹಾಲಕ್ಕಿ ಒಕ್ಕಲಿಗರ ಹಾಡುಗಳ ಸುದ್ದಿ ದೂರದೂರಕ್ಕೆ ಹೋಗಿತ್ತು. ಆ ಹಾಡುಗಳು ಹುಟ್ಟುವ ಕೇರಿಗಳ ಹತ್ತಿರ ಕೆಲವು ತಿಂಗಳಾದರೂ ಇದ್ದು ಹೋಗಬೇಕೆಂಬುದು ಅವಳ ಆಸೆ. ಅವಳಿಗೆ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರು ನನ್ನ ಪರಿಚಯದವರು. "ಅಕ್ಕೋರೆ, ನಿಮ್ಮ ಮನೇಲಿ ಒಂದು ಕೋಣೆ ಇದ್ದರೆ ಕೊಡಿ" ಎಂದು ಕೇಳಿದರು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಜಿಲ್ಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಊರಿಗೇ ಅಕ್ಕೋರು. ಮೇ ತಿಂಗಳ ಬಂಡಿಹಬ್ಬದ ಹೊತ್ತಿಗೆ ಬಂದ ಹುಡುಗಿಯೂ ಎರಡೇ ದಿನದಲ್ಲಿ ನನ್ನನ್ನು ಅಕ್ಕೋರೆ ಎಂದೇ ಕರೆಯತೊಡಗಿದಳು.

ಅವಳು ಬಂದ ಮರುದಿನವೇ ಅಣ್ಣನ ಮಗ ಆನ್‌ಲೈನಿನಲ್ಲಿ ಸಿ ಫಾರ್ಮ್ ತುಂಬಿದ. ಹೊರದೇಶದವರು ಯಾರೇ ಮನೆಯಲ್ಲಿ ಉಳಿದರೂ 24 ಗಂಟೆಯೊಳಗೆ ಆಗ ಆ ಫಾರ್ಮಿನಲ್ಲಿ ಸರ್ಕಾರಕ್ಕೆ ತಿಳಿಸಬೇಕಿತ್ತು. ಲಾಡ್ಜಿನವರಿಗಷ್ಟೇ ಅಲ್ಲ, ಮನೆಯವರಿಗೂ ಇದೇ ನಿಯಮವಿತ್ತು. ಆರು ತಿಂಗಳಿಗಿಂತ ಹೆಚ್ಚಿನ ವಿದ್ಯಾರ್ಥಿ ವೀಸಾ ಇದ್ದವರು ದೇಶಕ್ಕೆ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಅದನ್ನು ಅವಳು ಹಿಂದಿನ ವರ್ಷವೇ ಮುಗಿಸಿದ್ದಳು. ಕಾಗದಪತ್ರದ ಕೆಲಸ ಮುಗಿಯಿತೆಂದು ಎಲ್ಲರೂ ಹಾಡು ಕೇಳುವುದಕ್ಕೆ ಹೊರಟೆವು. ಜೂನ್, ಜುಲೈ ಎರಡೂ ತಿಂಗಳು ಅವಳು ರೆಕಾರ್ಡರ್ ಹಿಡಿದು ಗದ್ದೆಯ ಬದುವಿನ ಮೇಲೆಯೇ ಇದ್ದಳು. ನಾಟಿ ಮಾಡುವ ಹೆಂಗಸರು ಹಾಡುತ್ತಿದ್ದರು, ಇವಳು ಅವರ ಜೊತೆ ಕೆಸರಿಗಿಳಿದು ಸಸಿ ನೆಡುತ್ತಿದ್ದಳು. ಆಗಸ್ಟ್ 14ಕ್ಕೆ ಊರಿಗೆ ಮರಳುವ ವಿಮಾನದ ಟಿಕೆಟ್ ಆಗಿತ್ತು.

ಆಗಸ್ಟ್ ಮೊದಲ ವಾರ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕಾಳಿ ನದಿಗೆ ಕಟ್ಟಿದ ಕದ್ರಾ ಅಣೆಕಟ್ಟಿನ ಗೇಟು ತೆರೆದು ಕಾರವಾರ ತಾಲೂಕಿನ ಊರುಗಳಿಗೆ ನೀರು ನುಗ್ಗಿತು. ಇತ್ತ ಗಂಗಾವಳಿ ಉಕ್ಕಿ ಹೊಳೆದಂಡೆಯ ಊರುಗಳ ಮನೆ, ಕೊಟ್ಟಿಗೆ, ಗದ್ದೆ ಎಲ್ಲವೂ ಮುಳುಗಿದವು. ಶಾಲೆಗಳೇ ಗಂಜಿಕೇಂದ್ರಗಳಾದವು. ನಮ್ಮ ಮನೆ ಎತ್ತರದ ಜಾಗದಲ್ಲಿತ್ತು, ಅಲ್ಲಿಗೆ ನೀರು ಬರಲಿಲ್ಲ. ಕರೆಂಟು ಹೋಯಿತು, ಅದರ ಹಿಂದೆ ಮೊಬೈಲ್ ಸಿಗ್ನಲ್ ಹೋಯಿತು. ಹುಡುಗಿ ಬೆಳಿಗ್ಗೆದ್ದು ಅಣ್ಣನ ಮಗನ ಜೊತೆ ಗಂಜಿಕೇಂದ್ರಕ್ಕೆ ಹೋದರೆ ಕತ್ತಲಾದ ಮೇಲೆಯೇ ಬರುತ್ತಿದ್ದಳು. ಅನ್ನ ಬಡಿಸುವುದು, ಮುದುಕಿಯರಿಗೆ ಕಂಬಳಿ ಹೊದೆಸುವುದು, ಮಕ್ಕಳನ್ನು ಆಡಿಸುವುದು. ಎರಡು ತಿಂಗಳು ಅವಳಿಗೆ ಹಾಡು ಹೇಳಿಕೊಟ್ಟ ಹೆಂಗಸರಲ್ಲಿ ಕೆಲವರು ಅಲ್ಲೇ ಚಾಪೆಯ ಮೇಲಿದ್ದರು.

10ನೇ ತಾರೀಕಿನ ಶನಿವಾರ ರಾತ್ರಿ ಇಬ್ಬರೂ ಒದ್ದೆ ಮುದ್ದೆಯಾಗಿ ಬಂದರು. ಬಚ್ಚಲೊಲೆಗೆ ಬೆಂಕಿ ಹಾಕಿ ಎಲ್ಲರೂ ಅದರ ಮುಂದೆ ಕೂತೆವು. ಅವಳ ಬೆನ್ನಚೀಲದೊಳಗೂ ನೀರು ಇಳಿದಿತ್ತು. ಒಳಗಿದ್ದ ನೋಟುಬುಕ್ಕು, ದುಡ್ಡು, ಪಾಸ್‌ಪೋರ್ಟು ಎಲ್ಲವನ್ನೂ ತೆಗೆದು ಒಲೆಯ ಕಟ್ಟೆಯ ಮೇಲೆ ಒಣಗಲು ಇಟ್ಟಳು. ಅಣ್ಣನ ಮಗ ಆಗ ಪಿಯುಸಿ ಹುಡುಗ. ಪುಟ ಅಂಟಿಕೊಳ್ಳಬಾರದೆಂದು ಪಾಸ್‌ಪೋರ್ಟನ್ನು ಕೈಯಲ್ಲಿ ಹಿಡಿದು ಒಂದೊಂದೇ ಹಾಳೆ ಬಿಡಿಸುತ್ತಿದ್ದ. ವೀಸಾ ಇದ್ದ ಪುಟಕ್ಕೆ ಬಂದವನು ನಿಂತುಬಿಟ್ಟ. "ಅಕ್ಕಾ, ಇದು ನಿನ್ನೆಗೇ ಮುಗಿದದೆಯಲ್ಲ" ಎಂದ. ಅವಳು ನಕ್ಕಳು. ಅವನು ನಗಲಿಲ್ಲ. ಬ್ಯಾಟರಿ ಹಿಡಿದು ನಾನೂ ನೋಡಿದೆ. ಕೊಟ್ಟ ದಿನ 10 ಆಗಸ್ಟ್ 2018, ಮುಗಿಯುವ ದಿನ 9 ಆಗಸ್ಟ್ 2019.

ಆದದ್ದು ಇಷ್ಟು. ಭಾರತದ ವೀಸಾದ ಅವಧಿಯನ್ನು ಲೆಕ್ಕ ಹಾಕುವುದು ಅದನ್ನು ಕೊಟ್ಟ ದಿನದಿಂದ, ಇಲ್ಲಿಗೆ ಬಂದಿಳಿದ ದಿನದಿಂದ ಅಲ್ಲ. ಔಷಧದ ಬಾಟಲಿಯ ಮೇಲಿನ ತಾರೀಕು ನಾವು ಕೊಂಡ ದಿನದಿಂದ ಓಡುವುದಿಲ್ಲವಲ್ಲ, ಹಾಗೆ. ಅವಳು ಬಂದಿಳಿದದ್ದು 2018ರ ಆಗಸ್ಟ್ ಕೊನೆಗೆ. ಒಂದು ವರ್ಷದ ವೀಸಾ ಎಂದರೆ ಮುಂದಿನ ಆಗಸ್ಟ್ ಕೊನೆಯವರೆಗೆ ಎಂದು ಅವಳೂ ತಿಳಿದಿದ್ದಳು, ಅವಳ ಟಿಕೆಟ್ ಮಾಡಿಸಿದವರೂ ಹಾಗೇ ತಿಳಿದಿದ್ದರು. ಆ ಲೆಕ್ಕದಲ್ಲಿ 14ನೇ ತಾರೀಕು ಅವಧಿಗೆ ಬಹಳ ಮೊದಲೇ ಬರುತ್ತಿತ್ತು. ಪುಟದ ಮೇಲೆ ಅಚ್ಚಾಗಿದ್ದ ಲೆಕ್ಕದಲ್ಲಿ ಅದು ತಡವಾಗಿತ್ತು.

ಭಾನುವಾರ ಸಿಗ್ನಲ್ ಒಂದೊಂದು ಗಳಿಗೆ ಬಂದು ಹೋಗುತ್ತಿತ್ತು. ಕಾರವಾರದಲ್ಲಿ ವಕೀಲಿ ಮಾಡುವ ಭಾವನಿಗೆ ಫೋನು ಹಚ್ಚಿದೆ. ಅವರು ಮೊದಲು ಕೇಳಿದ್ದು, "ಅವಳು ವಿಮಾನ ನಿಲ್ದಾಣಕ್ಕೆ ಹೋಗಿಲ್ಲ ತಾನೇ?" ಇಲ್ಲ ಎಂದೆ. "ಹೋಗಬಾರದು. ವಲಸೆ ಕೌಂಟರಿನಲ್ಲಿ ತಡೆಯುತ್ತಾರೆ. ಅವಧಿ ಮೀರಿದವರು ದೇಶ ಬಿಡಬೇಕಾದರೆ ಎಕ್ಸಿಟ್ ಪರ್ಮಿಟ್ ಬೇಕು. ಅದಿಲ್ಲದೆ ಹೊರಗೆ ಬಿಡುವುದಿಲ್ಲ" ಎಂದರು. ಆಗ ಜಾರಿಯಲ್ಲಿದ್ದದ್ದು 1946ರ ವಿದೇಶಿಯರ ಕಾಯ್ದೆ. ಅದರ 14ನೇ ಕಲಮಿನಂತೆ ಅವಧಿ ಮೀರಿ ಉಳಿದರೆ ಐದು ವರ್ಷದವರೆಗೆ ಜೈಲು, ಮೇಲೆ ದಂಡ. ಒಂದು ದಿನಕ್ಕೆ, ಒಂದು ವರ್ಷಕ್ಕೆ ಎಂದು ಆ ಕಲಮು ಬೇರೆ ಬೇರೆ ಮಾಡಿರಲಿಲ್ಲ. ಸ್ಪೀಕರಿನಲ್ಲಿ ಇದನ್ನು ಕೇಳುತ್ತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು. "ನಾನೇ ಮನೆಗೆ ಹೋಗುತ್ತೇನೆ ಅಂದರೂ ಬಿಡುವುದಿಲ್ಲವಾ?" ಎಂದು ಕನ್ನಡದಲ್ಲೇ ಕೇಳಿದಳು. ಭಾವ ಸಮಾಧಾನ ಹೇಳಿದರು. "ಮಗಾ, ನೀನಾಗಿಯೇ ಹೋಗಿ ಹೇಳಿದರೆ ಜೈಲಿನ ಮಾತು ಬರುವುದಿಲ್ಲ. ಅವರು ಹಿಡಿಯುವ ಮೊದಲು ನೀನು ಹೇಳಬೇಕು, ಅಷ್ಟೇ."

ಹೇಳಬೇಕೆಂದರೂ ದಾರಿ ಸುಲಭವಿರಲಿಲ್ಲ. 10 ಎರಡನೇ ಶನಿವಾರ, 11 ಭಾನುವಾರ, 12 ಬಕ್ರೀದ್. ಆ ವೇಳೆಗೆ ಎಕ್ಸಿಟ್ ಪರ್ಮಿಟ್ಟಿನ ಅರ್ಜಿಯೆಲ್ಲ ಇ-ಎಫ್‌ಆರ್‌ಆರ್‌ಒ ಎಂಬ ಜಾಲತಾಣಕ್ಕೆ ಸೇರಿತ್ತು. ಕಚೇರಿಯ ಬಾಗಿಲು ತಟ್ಟದೆಯೂ ಹಾಕಬಹುದು. ಆದರೆ ಅಂಕೋಲೆಯಲ್ಲಿ ಒಂದು ಫೋಟೊ ಕಳಿಸುವಷ್ಟೂ ಇಂಟರ್‌ನೆಟ್ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು, ಹುಡುಗಿ, ಅಣ್ಣನ ಮಗ ಮೂವರೂ ಕಾರವಾರಕ್ಕೆ ಹೊರಟೆವು. ಅವರ್ಸಾ, ಹಾರವಾಡ, ಅಮದಳ್ಳಿ ದಾಟಿ ಅರಗಾದ ನೌಕಾನೆಲೆಯ ಗೇಟು ಬಂದಾಗ ಅವಳು ಕಿಟಕಿಯಿಂದ ಮುಖ ತಿರುಗಿಸಿ ಕೂತಳು. ಅಲ್ಲಿ ಫೋಟೊ ತೆಗೆಯಬಾರದೆಂದು ಮೊದಲೇ ಹೇಳಿದ್ದೆ. ಆ ದಿನ ನೋಡುವುದಕ್ಕೂ ಹೆದರಿದ್ದಳು. ಒಂದೆಡೆ ಸೀಬರ್ಡ್ ನೌಕಾನೆಲೆ, ಇನ್ನೊಂದೆಡೆ ಕೈಗಾ ಅಣುವಿದ್ಯುತ್ ಸ್ಥಾವರ. ನಮ್ಮ ಜಿಲ್ಲೆಯಲ್ಲಿ ಹೊರದೇಶದವರ ಕಾಗದಪತ್ರವನ್ನು ಪೊಲೀಸರು ಕಣ್ಣಿಟ್ಟು ನೋಡುತ್ತಾರೆಂದರೆ ಅದಕ್ಕೆ ಕಾರಣವಿದೆ.

ಜಿಲ್ಲೆಗಳಲ್ಲಿ ವಿದೇಶಿಯರ ನೋಂದಣಿಯ ಅಧಿಕಾರ ಎಸ್ಪಿಯವರದು. ಹಾಗಾಗಿ ಕಾರವಾರದ ಎಸ್ಪಿ ಕಚೇರಿಗೇ ಹೋದೆವು. ಇಡೀ ಕಚೇರಿ ನೆರೆಯ ಕೆಲಸದಲ್ಲಿ ಮುಳುಗಿತ್ತು. ಆದರೂ ಆ ವಿಭಾಗ ನೋಡುವವರು ನಮ್ಮನ್ನು ಕೂರಿಸಿ ಮಾತನಾಡಿದರು. ಪಾಸ್‌ಪೋರ್ಟ್ ನೋಡಿದರು, ನೋಂದಣಿ ಕಾಗದ ನೋಡಿದರು, ನಮ್ಮ ಸಿ ಫಾರ್ಮಿನ ಪ್ರತಿ ನೋಡಿದರು. "ಇದು ಇದೆಯಲ್ಲ, ಇದೇ ನಿಮ್ಮನ್ನು ಕಾಯುತ್ತದೆ" ಎಂದು ಆ ಪ್ರತಿಯ ಮೇಲೆ ಬೆರಳಿಟ್ಟರು. ಯಾವ ದಿನದಿಂದ ಎಲ್ಲಿದ್ದಳು ಎಂಬುದು ಮೊದಲಿನಿಂದಲೂ ಸರ್ಕಾರಕ್ಕೆ ಗೊತ್ತಿರುವ ಹುಡುಗಿ ಬೇರೆ, ಎಲ್ಲೂ ಹೆಸರು ಬರೆಸದೆ ಇದ್ದವಳು ಬೇರೆ ಎಂಬುದನ್ನು ಬಿಡಿಸಿ ಹೇಳಿದರು. ತೀರ್ಮಾನ ಬೆಂಗಳೂರಿನ ಕಚೇರಿಯದು, ಇಲ್ಲಿಂದ ವಿಚಾರಣೆಯ ವರದಿ ಹೋಗುತ್ತದೆ, ಇವತ್ತೇ ಅರ್ಜಿ ಹಾಕಿ ಎಂದರು.

ಸೈಬರ್ ಸೆಂಟರಿನಲ್ಲಿ ಕೂತು ಬೇಕಾದದ್ದನ್ನೆಲ್ಲ ಒಟ್ಟು ಮಾಡಿದೆವು. ಪಾಸ್‌ಪೋರ್ಟಿನ ಪುಟ, ವೀಸಾ, ಬಂದಿಳಿದ ದಿನದ ಮೊಹರು, ಫೋಟೊ, ವಿಶ್ವವಿದ್ಯಾಲಯದ ಪತ್ರ, ನಮ್ಮ ಮನೆಯ ಕರೆಂಟ್ ಬಿಲ್ಲು, ವಿಮಾನದ ಟಿಕೆಟ್. ಕೊನೆಗೆ ಉಳಿದದ್ದು ತಡ ಯಾಕಾಯಿತೆಂದು ವಿವರಿಸುವ ಪತ್ರ. ಭಾವ ಕೋರ್ಟಿನಿಂದ ಬಂದು ಅದರ ಕರಡು ಬರೆದುಕೊಟ್ಟರು. ಭೀಕರ ನೆರೆಯಿಂದ ರಸ್ತೆ, ಕರೆಂಟು, ಸಂಪರ್ಕ ಎಲ್ಲ ಕಡಿದುಹೋಗಿ ಅರ್ಜಿದಾರಳು ಸಕಾಲಕ್ಕೆ ಹೊರಡಲು ಆಗಲಿಲ್ಲ ಎಂದು ಅದರಲ್ಲಿತ್ತು. ಕೇಳಲು ಚೆನ್ನಾಗಿತ್ತು. ಓದಿದ ಯಾವ ಅಧಿಕಾರಿಗೂ ಮನಸ್ಸು ಕರಗುವಂತಿತ್ತು.

ಹುಡುಗಿ ಅದನ್ನು ಅಣ್ಣನ ಮಗನಿಂದ ನಿಧಾನವಾಗಿ ಓದಿಸಿ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಹೇಳಿದಳು. "ಅಕ್ಕೋರೆ, ನೆರೆ ಬರದಿದ್ದರೂ ನನ್ನ ಟಿಕೆಟ್ ಹದಿನಾಲ್ಕಕ್ಕೇ ಇತ್ತು."

ಭಾವ ಪೆನ್ನು ಕೆಳಗಿಟ್ಟರು. ಸೈಬರ್ ಸೆಂಟರಿನ ಹುಡುಗ ಕೂಡ ತಿರುಗಿ ನೋಡಿದ. ಅವಳ ಮಾತು ಮುಂದುವರಿಯಿತು. "ನೆರೆಯಲ್ಲಿ ಮನೆ ಕಳೆದುಕೊಂಡವರು ಶಾಲೆಯಲ್ಲಿ ಮಲಗಿದ್ದಾರೆ. ಅವರ ಕಷ್ಟವನ್ನು ನನ್ನ ಕಾಗದಕ್ಕೆ ಕಾರಣ ಅಂತ ಬರೆಯಲು ನನಗೆ ಆಗುವುದಿಲ್ಲ." ಅವಳೇ ಹೊಸ ಪತ್ರ ಬರೆದಳು. ವೀಸಾದ ಅವಧಿಯನ್ನು ಬಂದ ದಿನದಿಂದ ಎಣಿಸಿದ್ದು, ಅದು ತಪ್ಪೆಂದು 10ನೇ ತಾರೀಕು ರಾತ್ರಿ ತಿಳಿದದ್ದು, ತಿಳಿದ ಮೇಲೆ ಸಂಪರ್ಕ ಸಿಕ್ಕ ಮೊದಲ ದಿನವೇ ತಾನಾಗಿ ಬಂದು ಹೇಳುತ್ತಿರುವುದು. ನೆರೆಯ ಮಾತು ಒಂದೇ ವಾಕ್ಯದಲ್ಲಿತ್ತು, ಅದು ಮೂರು ದಿನ ತಡವಾದದ್ದಕ್ಕೆ ಮಾತ್ರ. ವಕೀಲಿಯಲ್ಲಿ ತಲೆ ಬೆಳ್ಳಗಾದ ಭಾವ ಅದನ್ನು ಎರಡು ಸಲ ಓದಿದರು. "ಇದೇ ಇರಲಿ. ಇದರಲ್ಲಿ ಯಾರೂ ಹಿಡಿದು ಎಳೆಯುವ ದಾರವಿಲ್ಲ" ಎಂದರು.

ದಂಡದ ಮೊತ್ತ ತಿಳಿದಾಗ ನಾನು ಬೆಚ್ಚಿದೆ. ಆಗಿನ ನಿಯಮದಂತೆ 90 ದಿನದವರೆಗೆ ಅವಧಿ ಮೀರಿದವರಿಗೆ 300 ಡಾಲರ್, ಅಂದರೆ ಸುಮಾರು 21,000 ರೂಪಾಯಿ. ಮೂರು ದಿನಕ್ಕೂ ಅಷ್ಟೇ, ಮೂರು ತಿಂಗಳಿಗೂ ಅಷ್ಟೇ. ಅದೇ ದಿನಗಳಲ್ಲಿ ನೆರೆಗೆ ಸಿಕ್ಕ ಕುಟುಂಬಗಳಿಗೆ ಸರ್ಕಾರ ಘೋಷಿಸಿದ ತುರ್ತು ಪರಿಹಾರ 10,000 ರೂಪಾಯಿ. ಈ ಎರಡು ಅಂಕಿ ಅವಳ ಮನಸ್ಸಿನಲ್ಲಿ ಅಕ್ಕಪಕ್ಕ ಕೂತವು. ವಾಪಸ್ ಬರುವ ಬಸ್ಸಿನಲ್ಲಿ ಅವಳು ಅತ್ತದ್ದು ದುಡ್ಡು ಹೋಯಿತೆಂದಲ್ಲ. ಗಂಜಿಕೇಂದ್ರದ ಎರಡು ಮನೆಗಳಿಗೆ ಆಗಬಹುದಾಗಿದ್ದ ಹಣ ಒಂದು ತಾರೀಕಿಗೆ ಹೋಯಿತಲ್ಲ ಎಂದು. ಅಣ್ಣನ ಮಗ ಅವಳ ಪಕ್ಕದಲ್ಲಿ ಕೂತು ಏನೂ ಮಾತಾಡದೆ ಕಡಲೆಕಾಯಿ ಸುಲಿದು ಕೊಡುತ್ತಿದ್ದ.

14ರ ವಿಮಾನ ಅವಳಿಲ್ಲದೆ ಹೋಯಿತು. ಆ ಟಿಕೆಟಿನ ಹಣ ಮರಳಲಿಲ್ಲ. ಠಾಣೆಯಿಂದ ಒಬ್ಬರು ಮನೆಗೆ ಬಂದು ನಮ್ಮ ಹೇಳಿಕೆ ಬರೆದುಕೊಂಡರು. ಅಕ್ಕಪಕ್ಕದವರನ್ನು ಕೇಳಿದರು. ಗಂಜಿಕೇಂದ್ರದ ಹೆಂಗಸರು ತಾವಾಗಿಯೇ ಬಂದು, "ನಮಗೆ ಅನ್ನ ಬಡಿಸಿದ ಹುಡುಗಿ ರಾ ಅದು" ಎಂದು ಹೇಳಿಹೋದರು. ಸ್ವಾತಂತ್ರ್ಯ ದಿನದ ರಜೆ ಕಳೆದು, ಮತ್ತೊಂದು ವಾರ ಸರಿದ ಮೇಲೆ ಅವಳ ಇ-ಮೇಲಿಗೆ ಎಕ್ಸಿಟ್ ಪರ್ಮಿಟ್ ಬಂತು. ಅದರಲ್ಲಿ ಹೇಳಿದ ದಿನದೊಳಗೆ ದೇಶ ಬಿಡಬೇಕಿತ್ತು. ಸಿಕ್ಕ ಮೊದಲ ವಿಮಾನಕ್ಕೆ, ಮೊದಲಿಗಿಂತ ಹೆಚ್ಚು ದುಡ್ಡು ಕೊಟ್ಟು ಅವಳು ಹೊರಟಳು. ಹೊರಡುವ ದಿನ ಅತ್ತೆ ಅವಳ ಚೀಲಕ್ಕೆ ಹಲಸಿನ ಹಪ್ಪಳ ತುಂಬಿ, ತಲೆ ಸವರಿ, "ಬಾ ಮಗಾ" ಎಂದರು. ನಮ್ಮಲ್ಲಿ ಹೊರಟವರಿಗೆ ಹೋಗು ಎನ್ನುವುದಿಲ್ಲ.

ಬರುವುದು ಅಷ್ಟು ಸುಲಭವಾಗಲಿಲ್ಲ. ಅಲ್ಪ ಕಾಲದ ಅವಧಿಮೀರಿಕೆ ದಂಡ ಕಟ್ಟಿದೊಡನೆ ಮುಗಿದುಹೋಗುತ್ತದೆಂದು ನಾವು ತಿಳಿದಿದ್ದೆವು. ಕಡತದಲ್ಲಿ ಅದು ಉಳಿಯುತ್ತದೆ. ಆರು ತಿಂಗಳಲ್ಲಿ ಕೊರೊನಾ ಬಂದು ಎಲ್ಲ ದೇಶಗಳ ಬಾಗಿಲೂ ಮುಚ್ಚಿದವು. 2020ರ ಮಾರ್ಚ್‌ನಲ್ಲಿ ಎಷ್ಟೋ ವಿದೇಶಿಯರು ಗೋಕರ್ಣದಲ್ಲಿಯೇ ಸಿಕ್ಕಿಬಿದ್ದರು. ಆಗ ಕೇಂದ್ರ ಸರ್ಕಾರ ಹಾಗೆ ಸಿಕ್ಕಿಬಿದ್ದವರ ವೀಸಾವನ್ನು ದಂಡವಿಲ್ಲದೆ ಮುಂದುವರಿಸಿತು. ಲೋಕವೇ ನಿಂತಾಗ ಕಾನೂನೂ ದಾರಿ ಬಿಟ್ಟುಕೊಟ್ಟಿತು. ಒಬ್ಬೊಬ್ಬರಿಗೆ ಬಂದ ಕಷ್ಟಕ್ಕೆ ಅದು ಹಾಗೆ ತಾನಾಗಿ ಬಾಗುವುದಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಕಾಗದ ಹಿಡಿದು ಹೋಗಿ ಕೇಳಬೇಕು.

2022ರಲ್ಲಿ ಬಾಗಿಲು ತೆರೆದ ಮೇಲೆ ಅವಳು ಹೆಚ್ಚಿನ ಸಂಶೋಧನೆಗೆಂದು ಮತ್ತೆ ಅರ್ಜಿ ಹಾಕಿದಳು. ಹಿಂದಿನ ಭೇಟಿಯ ವಿವರ ಕೇಳುವ ಜಾಗಕ್ಕೆ ಬಂದಾಗ ಅವಳ ಸಹಪಾಠಿಯೊಬ್ಬ, ಕೇಳಿದಷ್ಟಕ್ಕೇ ಉತ್ತರಿಸು, ಕೆದಕಬೇಡ ಎಂದನಂತೆ. ಅವಳು ಎಕ್ಸಿಟ್ ಪರ್ಮಿಟ್ಟಿನ ಪ್ರತಿ, ದಂಡದ ರಸೀದಿ, ಕಾರವಾರದಲ್ಲಿ ಕೂತು ಬರೆದ ಆ ಪತ್ರ ಮೂರನ್ನೂ ಲಗತ್ತಿಸಿದಳು. ಬೇರೆಯವರಿಗೆ ಬೇಗ ಬಂದ ವೀಸಾ ಅವಳಿಗೆ ತಡವಾಯಿತು, ವಿವರಣೆ ಕೇಳಿ ಪತ್ರ ಬಂತು, ಕಾಯುವುದರಲ್ಲಿ ಒಂದು ಸೆಮಿಸ್ಟರು ಕಳೆಯಿತು. ಕೊನೆಗೆ ಬಂತು. ಮುಚ್ಚಿಟ್ಟಿದ್ದರೆ ಕಡತದಲ್ಲಿರುವುದಕ್ಕೂ ಅರ್ಜಿಯಲ್ಲಿರುವುದಕ್ಕೂ ಹೊಂದದೆ, ತಾರೀಕಿನ ತಪ್ಪು ಸುಳ್ಳಿನ ತಪ್ಪಾಗುತ್ತಿತ್ತು. ಅದಕ್ಕೆ ದಂಡ ಕಟ್ಟಿ ತೀರಿಸುವ ದಾರಿಯಿಲ್ಲ.

2023ರ ಸುಗ್ಗಿಗೆ ಅವಳು ಬಂದಳು. ಆ ವೇಳೆಗೆ ಅಣ್ಣನ ಮಗ ಎಂಜಿನಿಯರಿಂಗ್ ಓದುತ್ತಿದ್ದ. ಅವನಿಗೂ ಎಕ್ಸ್‌ಚೇಂಜಿನಲ್ಲಿ ಜರ್ಮನಿಗೆ ಹೋಗುವ ಅವಕಾಶ ಬಂದಿತ್ತು. ಸುಗ್ಗಿಕುಣಿತ ನೋಡಿ ಬಂದ ರಾತ್ರಿ ಜಗಲಿಯಲ್ಲಿ ಕೂತು ಅವಳು ಅವನಿಗೆ ಪಾಠ ಹೇಳಿದಳು. ಜರ್ಮನಿಯಲ್ಲಿ ಅನುಮತಿ ಮುಗಿಯುವ ಮೊದಲೇ ವಿಸ್ತರಣೆಗೆ ಅರ್ಜಿ ಹಾಕಿದರೆ, ತೀರ್ಮಾನ ಬರುವವರೆಗೆ ಹಳೆಯ ಅನುಮತಿಯೇ ನಡೆಯುತ್ತದೆ. ಮುಗಿದ ಮರುದಿನ ಹಾಕಿದರೆ ಆ ರಕ್ಷಣೆ ತಾನಾಗಿ ಸಿಗುವುದಿಲ್ಲ. ಅದೇ ಅರ್ಜಿ, ಅದೇ ಕಾಗದ, ನಡುವೆ ಇರುವುದು ಒಂದು ರಾತ್ರಿ.

ಅವನ ಗೆಳೆಯ ಅಮೆರಿಕಕ್ಕೆ ಹೊರಟಿದ್ದ. ಅವನಿಗೂ ಓದಿಕೊಳ್ಳಲು ಹೇಳಿದೆವು. ಅಲ್ಲಿ ವೀಸಾ ಚೀಟಿಯ ಮೇಲಿನ ಕೊನೆಯ ದಿನ ಒಳಗೆ ಬರುವುದಕ್ಕೆ ಸಂಬಂಧಿಸಿದ್ದು. ಎಷ್ಟು ದಿನ ಇರಬಹುದೆಂಬುದು ಐ-94 ಎಂಬ ಪ್ರವೇಶ ದಾಖಲೆಯಲ್ಲಿರುತ್ತದೆ. ಇಲ್ಲಿಯ ಲೆಕ್ಕ ಹಿಡಿದುಕೊಂಡು ಅಲ್ಲಿಗೆ ಹೋದವರು, ಅಲ್ಲಿಯ ಲೆಕ್ಕದಲ್ಲಿ ಇಲ್ಲಿಗೆ ಬಂದವರು ಇಬ್ಬರೂ ಎಡವುತ್ತಾರೆ. ಅಲ್ಲಿ ಜೆ-1 ಎಂಬ ವಿನಿಮಯ ವೀಸಾದವರಿಗೆ ಕಾರ್ಯಕ್ರಮ ಮುಗಿದ ಮೇಲೆ ಗಂಟುಮೂಟೆ ಕಟ್ಟಲು 30 ದಿನ ಸಿಗುತ್ತದೆ, ಆ ದಿನಗಳಲ್ಲಿ ಕೆಲಸ ಮಾಡುವಂತಿಲ್ಲ. ಕಾನೂನುಬಾಹಿರವಾಗಿ ಉಳಿದದ್ದು 180 ದಿನ ಮೀರಿದ ಮೇಲೆ ಹೊರಟವರು ಮೂರು ವರ್ಷ, ಒಂದು ವರ್ಷ ತುಂಬಿದ ಮೇಲೆ ಹೊರಟವರು ಹತ್ತು ವರ್ಷ ಮರಳುವಂತಿಲ್ಲ. ಯುರೋಪಿನ ಷೆಂಗೆನ್ ದೇಶಗಳಲ್ಲಿ 2025ರ ಅಕ್ಟೋಬರಿನಿಂದ ಅಲ್ಪಾವಧಿಗೆ ಬರುವವರ ಬೆರಳಚ್ಚು, ಮುಖದ ಚಿತ್ರ ತೆಗೆದು ಬಂದ ದಿನ, ಹೋದ ದಿನ ಗಣಕದಲ್ಲಿ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಮೊಹರು ಮಸುಕಾಗಿದೆ, ಯಾರಿಗೂ ತಿಳಿಯುವುದಿಲ್ಲ ಎಂಬ ಕಾಲ ಹೋಯಿತು.

ನಮ್ಮಲ್ಲೂ ಕಾನೂನು ಬದಲಾಗಿದೆ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದು 1946ರ ಕಾಯ್ದೆ ಹೋಯಿತು. ಅವಧಿ ಮೀರಿ ಉಳಿದರೆ ಈಗ ಮೂರು ವರ್ಷದವರೆಗೆ ಜೈಲು, ಇಲ್ಲವೆ ಮೂರು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅದಕ್ಕೆ ಕೆಲವೇ ವಾರ ಮೊದಲು, ಜುಲೈಯಲ್ಲಿ, ಗೋಕರ್ಣದ ರಾಮತೀರ್ಥ ಬೆಟ್ಟದ ಗುಹೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳ ಜೊತೆ ಇದ್ದ ರಷ್ಯಾದ ಹೆಂಗಸೊಬ್ಬಳನ್ನು ಪೊಲೀಸರು ಕಂಡರು. ಅವಳ ವೀಸಾ ಮುಗಿದು ವರ್ಷಗಳೇ ಆಗಿದ್ದವು. ಆ ಸುದ್ದಿ ಓದಿದ ದಿನ ನನಗೆ ಆ ಮಕ್ಕಳ ಚಿಂತೆಯೇ ಹತ್ತಿತು. ವರ್ಷಗಳ ಗಂಟು ಕೂಡ ಯಾವುದೋ ಒಂದು ದಿನದಿಂದಲೇ ಶುರುವಾಗಿರುತ್ತದೆ. ಆ ಮೊದಲ ದಿನ ಬಿಚ್ಚುವುದು ಎಷ್ಟು ಸುಲಭ, ಬಿಟ್ಟಷ್ಟೂ ಎಷ್ಟು ಬಿಗಿ ಎಂಬುದನ್ನು ಯೋಚಿಸಿದರೆ ಸಂಕಟವಾಗುತ್ತದೆ.

ನಮ್ಮ ಹುಡುಗ ಜರ್ಮನಿಗೆ ಹೋಗಿ ಓದು ಮುಗಿಸಿ ಬಂದ. ಅಲ್ಲಿ ಅವನ ಸೆಮಿಸ್ಟರು ಒಂದು ತಿಂಗಳು ಮುಂದಕ್ಕೆ ಹೋಗಿತ್ತು. ಅವಧಿ ಮುಗಿಯಲು ಆರು ವಾರವಿರುವಾಗಲೇ ಅರ್ಜಿ ಹಾಕಿದ್ದ. ಅವನ ಜೊತೆ ಕಚೇರಿಗೆ ಹೋಗಿ ಸಾಲಿನಲ್ಲಿ ನಿಂತವಳು ಅವಳೇ. ಹೊರದೇಶಕ್ಕೆ ಮಕ್ಕಳನ್ನು ಕಳಿಸುವ ತಾಯಂದಿರು ಈಗಲೂ ನಮ್ಮ ಮನೆಗೆ ಬಂದು ಏನೇನು ಕಟ್ಟಿಕೊಡಬೇಕೆಂದು ಕೇಳುತ್ತಾರೆ. ಹಪ್ಪಳ, ಉಪ್ಪಿನಕಾಯಿ ಯಾವುದಾದರೂ ಇರಲಿ ಎನ್ನುತ್ತೇನೆ. ಹೊರಡುವ ಮೊದಲು ವೀಸಾದ ಪುಟವನ್ನು ಮನೆಯವರೆಲ್ಲರ ಎದುರು ಗಟ್ಟಿಯಾಗಿ ಓದಿಸಿ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ ಎನ್ನುತ್ತೇನೆ. ಅಷ್ಟಾಗಿಯೂ ಒಂದು ದಿನ ಮೀರಿದರೆ ಮಗುವಿಗೆ ಬೈಯಬೇಡಿ, ಹೆದರಿಸಬೇಡಿ. ಬೈದರೆ ಮುಚ್ಚಿಡುತ್ತದೆ. ಅವತ್ತೇ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳು, ನಾವಿದ್ದೇವೆ ಎನ್ನಿ.